ಎದೆಗಿಳಿಯುವ ಕಲ್ಲುದೂಳು

ಸಿಲಿಕೋಸಿಸ್ ದೂಳು ಕುಡಿದು ಬರುವ ಕಾಯಿಲೆ. ಕಲ್ಲು ಕೊರೆಯುವಾಗ, ಒಡೆಯುವಾಗ, ಅರೆಯುವಾಗ, ಉಜ್ಜುವಾಗ ಏಳುವ ದೂಳಿನಲ್ಲಿ ಸಿಲಿಕಾ ಎಂಬ ಖನಿಜದ ಹರಳುಪುಡಿ ಇರುತ್ತದೆ. ಹೊಲದ ಬದುವಿನಲ್ಲಿ ಬೆಳ್ಳಗೆ ಹೊಳೆಯುತ್ತ ಬಿದ್ದಿರುವ ಬೆಣಚುಕಲ್ಲು ಬಹುಮಟ್ಟಿಗೆ ಶುದ್ಧ ಸಿಲಿಕಾ. ಈ ಪುಡಿ ಉಸಿರಿನ ಜೊತೆ ಶ್ವಾಸಕೋಶದ ತುತ್ತತುದಿಗೆ ಇಳಿದು ಗಾಯ ಮಾಡುತ್ತದೆ. ಗಾಯ ಮಾಯ್ದ ಕಡೆಯೆಲ್ಲ ಗಂಟು ಕಟ್ಟುತ್ತದೆ. ಆ ಗಂಟು ಕರಗುವುದಿಲ್ಲ. ದೂಳಿನ ಕೆಲಸ ಬಿಟ್ಟು ಊರಿಗೆ ಹೋಗಿ ಕುಳಿತರೂ ರೋಗ ತನ್ನ ಪಾಡಿಗೆ ಬೆಳೆಯುತ್ತಲೇ ಹೋಗಬಹುದು. ವಾಸಿ ಮಾಡುವ ಮದ್ದು ಇದುವರೆಗೆ ಸಿಕ್ಕಿಲ್ಲ. ತಡೆಯುವ ಉಪಾಯಗಳು ಮಾತ್ರ ನೂರು ವರ್ಷಗಳಿಂದ ಗೊತ್ತಿವೆ. ಹಾಗಿದ್ದೂ ಭಾರತದಲ್ಲಿ ಪ್ರತಿವರ್ಷ ಹೊಸಬರು ಈ ಕಾಯಿಲೆಗೆ ಸಿಕ್ಕಿಬೀಳುತ್ತಿದ್ದಾರೆ. ಅವರಲ್ಲಿ ಅನೇಕರು ಬೇರೆ ರೋಗದ ಹೆಸರಿನಲ್ಲಿ ಮದ್ದು ತಿಂದು, ಬೇರೆ ರೋಗದ ಹೆಸರಿನಲ್ಲೇ ತೀರಿಕೊಳ್ಳುತ್ತಾರೆ.

ಖನಿಜದ ದೂಳಿನಿಂದ ಬರುವ ಶ್ವಾಸಕೋಶದ ರೋಗಗಳು ಇನ್ನೂ ಹಲವು ಇವೆ. ಕಲ್ಲಿದ್ದಲು ಗಣಿಯವರ ಶ್ವಾಸಕೋಶ ಕರ್ರಗಾಗಿ ಗಟ್ಟಿಯಾಗುತ್ತದೆ. ಕಲ್ನಾರಿನ ಎಳೆಗಳು ಆಸ್ಬೆಸ್ಟೋಸಿಸ್ ತರುವುದಲ್ಲದೆ, ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಶ್ವಾಸಕೋಶದ ಹೊರಪೊರೆಗೆ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರನ್ನೂ ತರಬಲ್ಲವು. ಕಬ್ಬಿಣದ ದೂಳು ಮಾತ್ರ ಎಕ್ಸ್‌ರೇಯಲ್ಲಿ ಹೆದರಿಕೆ ಹುಟ್ಟಿಸುವಷ್ಟು ಚುಕ್ಕೆ ತೋರಿಸಿದರೂ ಉಸಿರಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಇವೆಲ್ಲವುಗಳಲ್ಲಿ ಹಳೆಯದೂ ಹೆಚ್ಚು ವ್ಯಾಪಕವಾದದ್ದೂ ಸಿಲಿಕೋಸಿಸ್. ಕಲ್ಲಿದ್ದಲು ಗಣಿ ಕೆಲವೇ ಕಡೆ ಇರುತ್ತದೆ, ಸಿಲಿಕಾ ಇಲ್ಲದ ತಾಲ್ಲೂಕು ಸಿಗುವುದು ಕಷ್ಟ.

ಯಾವ ಕಲ್ಲಿನಲ್ಲಿ ಎಷ್ಟು ಬೆಣಚು ಇದೆ ಎನ್ನುವುದರ ಮೇಲೆ ಅಪಾಯ ಹೆಚ್ಚುಕಡಿಮೆ ಆಗುತ್ತದೆ. ಕರ್ನಾಟಕದ ಕಲ್ಲುಗಳನ್ನೇ ನೋಡಬಹುದು. ಬಾದಾಮಿಯ ಮರಳುಗಲ್ಲು ಬೆಣಚಿನ ಕಣಗಳೇ ಅಂಟಿಕೊಂಡು ಆದದ್ದು. ದೇವನಹಳ್ಳಿ ಕಡೆಯ ಸಾದಹಳ್ಳಿ ಕಲ್ಲು, ಕನಕಪುರ, ಚಿಕ್ಕಬಳ್ಳಾಪುರಗಳ ಬೂದುಬಣ್ಣದ ಗ್ರಾನೈಟ್, ಇಳಕಲ್ಲಿನ ಕೆಂಪು ಗ್ರಾನೈಟ್ ಇಂಥವುಗಳಲ್ಲಿ ಕಾಲು ಭಾಗದಷ್ಟೋ ಮೂರನೇ ಒಂದರಷ್ಟೋ ಬೆಣಚು ಇರುವುದು ಸಾಮಾನ್ಯ. ಚಾಮರಾಜನಗರದ ಕಪ್ಪು ಗ್ರಾನೈಟ್ ಮಾರುಕಟ್ಟೆಯಲ್ಲಷ್ಟೇ ಗ್ರಾನೈಟ್. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಡೋಲರೈಟ್, ಬೆಣಚು ತೀರ ಕಡಿಮೆ. ಶಹಾಬಾದ್ ಕಲ್ಲು ಸುಣ್ಣಗಲ್ಲಿನ ಜಾತಿಯದು. ಬೇಲೂರು, ಹಳೇಬೀಡುಗಳ ಶಿಲ್ಪಿಗಳ ಉಳಿಗೆ ಸುಲಭವಾಗಿ ಒಲಿದ ಬಳಪದ ಕಲ್ಲಿನಲ್ಲಿ ಮುಖ್ಯವಾಗಿ ಇರುವುದು ಮೆದುವಾದ ಟಾಲ್ಕ್. ಅದರ ದೂಳೂ ಒಳ್ಳೆಯದೇನಲ್ಲ, ಆದರೆ ಗ್ರಾನೈಟ್ ದೂಳಿನಷ್ಟು ಕೆಟ್ಟದ್ದಲ್ಲ. ಕೋಲಾರದ ಚಿನ್ನ ಅಡಗಿದ್ದು ಬೆಣಚಿನ ಪಟ್ಟಿಗಳಲ್ಲಿ. ಅದರ ಕಥೆ ಮುಂದೆ ಬರುತ್ತದೆ.

ಕಣ್ಣಿಗೆ ಕಾಣುವ ದೂಳು ಅಷ್ಟು ಅಪಾಯದ್ದಲ್ಲ. ದಪ್ಪ ಕಣಗಳು ಮೂಗಿನ ಕೂದಲಲ್ಲಿ, ಗಂಟಲಿನ ಲೋಳೆಯಲ್ಲಿ ಸಿಕ್ಕಿಕೊಂಡು ಸೀನಿನಲ್ಲೋ ಕಫದಲ್ಲೋ ಆಚೆ ಬರುತ್ತವೆ. ಶ್ವಾಸನಾಳದ ಗೋಡೆಯ ಮೇಲಿರುವ ಸೂಕ್ಷ್ಮ ರೋಮಗಳು ಒಳಗಿಳಿದ ಕಸವನ್ನು ಲೋಳೆಯ ಸಮೇತ ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಈ ಎಲ್ಲ ಕಾವಲನ್ನೂ ದಾಟಿ ಗಾಳಿಗೂಡುಗಳವರೆಗೆ ಹೋಗುವುದು ಒಂದು ಮಿಲಿಮೀಟರಿನ ಇನ್ನೂರೈವತ್ತನೇ ಒಂದು ಭಾಗಕ್ಕಿಂತ ಸಣ್ಣ ಕಣ. ತಲೆಗೂದಲಿನ ದಪ್ಪದಲ್ಲಿ ಇಂಥ ಹತ್ತು ಹದಿನೈದು ಕಣ ಸಾಲಾಗಿ ನಿಲ್ಲಬಹುದು. ಒಂದು ಸಲ ಎದ್ದರೆ ಇವುಗಳಲ್ಲಿ ತೀರ ಸಣ್ಣವು ಗಂಟೆಗಟ್ಟಲೆ ನೆಲಕ್ಕೆ ಇಳಿಯುವುದಿಲ್ಲ. ದೂಳೆಲ್ಲ ಅಡಗಿತು ಎಂದು ಕೆಲಸಗಾರರು ಮುಖಕ್ಕೆ ಕಟ್ಟಿದ ಟವೆಲ್ ಬಿಚ್ಚಿ ಊಟಕ್ಕೆ ಕುಳಿತಾಗಲೂ ಗಾಳಿಯಲ್ಲಿ ಕೆಟ್ಟ ಭಾಗ ಹಾಗೆಯೇ ಉಳಿದಿರುತ್ತದೆ.

ಗಾಳಿಗೂಡಿಗೆ ಬಂದ ಕಣವನ್ನು ಅಲ್ಲಿ ಗಸ್ತು ತಿರುಗುವ ಮ್ಯಾಕ್ರೋಫೇಜ್ ಎಂಬ ಕೋಶ ನುಂಗುತ್ತದೆ. ರೋಗಾಣುವನ್ನೋ ಮಸಿಯನ್ನೋ ನುಂಗಿದರೆ ಅದು ಅರಗಿಸಿಕೊಳ್ಳುತ್ತದೆ, ಇಲ್ಲವೇ ಹೊತ್ತುಕೊಂಡು ಹೋಗುತ್ತದೆ. ಸಿಲಿಕಾ ಅರಗುವುದಿಲ್ಲ. ಅದರ ಮೇಲ್ಮೈ ಕೋಶದ ಒಳಗಿರುವ ಜೀರ್ಣರಸದ ಚೀಲಗಳನ್ನು ಹರಿಯುತ್ತದೆ. ಕೋಶ ತನ್ನದೇ ರಸದಲ್ಲಿ ಸಾಯುತ್ತದೆ, ಸಾಯುವಾಗ ಉರಿಯೂತದ ರಾಸಾಯನಿಕಗಳನ್ನು ಚೆಲ್ಲುತ್ತದೆ, ಕಣ ಮತ್ತೆ ಹೊರಬೀಳುತ್ತದೆ. ಅದನ್ನು ನುಂಗಲು ಇನ್ನೊಂದು ಕೋಶ ಬರುತ್ತದೆ, ಅದೂ ಸಾಯುತ್ತದೆ. ಗಾಯ ಮುಚ್ಚಲು ಬಂದ ಕೋಶಗಳು ಕೊಲಾಜೆನ್ ಎಂಬ ನಾರನ್ನು ಸುತ್ತುಸುತ್ತಾಗಿ ಹೆಣೆಯುತ್ತವೆ. ಹೀಗೆ ಆಗುತ್ತವೆ ಗಂಟುಗಳು. ಈ ಚಕ್ರ ನಡೆಯಲು ಹೊಸ ದೂಳು ಬೇಕಿಲ್ಲ, ಹಳೆಯದೇ ಸಾಕು. ಕೆಲಸ ಬಿಟ್ಟ ಮೇಲೂ ರೋಗ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಆಗತಾನೆ ಒಡೆದ ಕಲ್ಲಿನ ಪುಡಿ ಹಳೆಯ ಪುಡಿಗಿಂತ ಹೆಚ್ಚು ವಿಷ. ಹೊಸದಾಗಿ ಸೀಳಿದ ಮೇಲ್ಮೈಯಲ್ಲಿ ರಾಸಾಯನಿಕ ಚಟುವಟಿಕೆ ಜಾಸ್ತಿ. ಹೊಳೆದಂಡೆಯ ಮರಳಿನ ಮೇಲೆ ಜೀವಮಾನವಿಡೀ ಓಡಾಡಿದವರಿಗೆ ಬಾರದ ಕಾಯಿಲೆ, ಅದೇ ಖನಿಜವನ್ನು ಯಂತ್ರದಲ್ಲಿ ಅರೆಯುವವರಿಗೆ ಬರುವುದು ಕಣದ ಗಾತ್ರದಿಂದ ಮತ್ತು ಈ ಹೊಸ ಸೀಳಿನಿಂದ.

ಸಾಧಾರಣವಾಗಿ ಕಾಣುವ ಬಗೆಯಲ್ಲಿ ರೋಗ ಮೈದೋರಲು ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಬೇಕು. ಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಣಕೆಮ್ಮು, ಏರು ಹತ್ತುವಾಗ ದಮ್ಮು. ವಯಸ್ಸಾಯಿತು, ಬೀಡಿ ಜಾಸ್ತಿಯಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ಸಣ್ಣ ಗಂಟುಗಳು ಒಂದರೊಳಗೊಂದು ಬೆರೆತು ಸೆಂಟಿಮೀಟರಿಗಿಂತ ದೊಡ್ಡವಾದಾಗ ಶ್ವಾಸಕೋಶದ ಮೇಲ್ಭಾಗ ಸೊರಗಿ ಮುದುಡುತ್ತದೆ, ಉಸಿರಾಟದ ಭಾರವೆಲ್ಲ ಉಳಿದ ಭಾಗದ ಮೇಲೆ ಬೀಳುತ್ತದೆ, ಕೊನೆಗೆ ಹೃದಯದ ಬಲಭಾಗ ಸೋಲುತ್ತದೆ. ದೂಳು ಬಹಳ ದಟ್ಟವಾಗಿದ್ದರೆ ಐದರಿಂದ ಹತ್ತು ವರ್ಷಕ್ಕೇ ಈ ಹಂತ ಮುಟ್ಟಬಹುದು. ಇನ್ನೊಂದು ಬಗೆ ಅತಿ ಉಗ್ರ: ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೆಣಚು ಅರೆಯುವವರಲ್ಲಿ, ಮರಳು ಚಿಮ್ಮಿಸಿ ಲೋಹದ ತುಕ್ಕು ತೆಗೆಯುವವರಲ್ಲಿ ಕೆಲವೇ ತಿಂಗಳಲ್ಲಿ ಗಾಳಿಗೂಡುಗಳು ಪ್ರೋಟೀನಿನ ದ್ರವದಿಂದ ತುಂಬಿಹೋಗುತ್ತವೆ. ಇಪ್ಪತ್ತೈದರ ಹರೆಯದವರು ಒಂದೆರಡು ವರ್ಷದಲ್ಲಿ ಸಾಯುವುದು ಈ ಬಗೆಯಲ್ಲಿ. ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಖಚಿತಪಡಿಸಿತು. ಮೂತ್ರಪಿಂಡದ ರೋಗ, ಚರ್ಮ ಬಿಗಿದುಕೊಳ್ಳುವ ಸ್ಕ್ಲೀರೋಡರ್ಮಾ, ಕೀಲುವಾತ ಇವೂ ಕಲ್ಲು ಕೆಲಸದವರಲ್ಲಿ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ತೊಡಕು ಕ್ಷಯದ್ದು. ಕ್ಷಯದ ರೋಗಾಣುವನ್ನು ಹಿಡಿದಿಡಬೇಕಾದದ್ದು ಇದೇ ಮ್ಯಾಕ್ರೋಫೇಜ್. ಸಿಲಿಕಾ ತಿಂದು ಅದು ನಿತ್ರಾಣವಾದಾಗ ಮಲಗಿದ್ದ ರೋಗಾಣು ಏಳುತ್ತದೆ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಇವೆರಡರ ಜೊತೆ ಎಚ್‌ಐವಿ ಕೂಡಿಕೊಂಡಾಗ ಅಪಾಯ ಹಲವು ಮಡಿಯಾದದ್ದು ಕಂಡುಬಂತು. ಹೀಗಾಗಿ ಕೆಲವರಿಗೆ ಎರಡೂ ಇರುತ್ತವೆ, ಕೆಲವರಿಗೆ ಸಿಲಿಕೋಸಿಸ್ ಮಾತ್ರ ಇದ್ದರೂ ಟಿ.ಬಿ. ಎಂದು ಚೀಟಿ ಬರೆಯಲಾಗುತ್ತದೆ. ಕೆಮ್ಮು, ಜ್ವರ, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ಮೇಲ್ಭಾಗದ ಕಲೆ, ಎಲ್ಲವೂ ಟಿ.ಬಿ.ಯನ್ನೇ ಹೋಲುತ್ತವೆ. ಆರು ತಿಂಗಳ ಮಾತ್ರೆ ಮುಗಿಯುತ್ತದೆ, ದಮ್ಮು ಹೋಗುವುದಿಲ್ಲ, ಮತ್ತೆ ಆರು ತಿಂಗಳ ಮಾತ್ರೆ. ಕಫದಲ್ಲಿ ರೋಗಾಣು ಒಮ್ಮೆಯೂ ಸಿಗದ ಕಲ್ಲು ಕೆಲಸಗಾರರು ಮೂರು ನಾಲ್ಕು ಸಲ ಟಿ.ಬಿ. ಮಾತ್ರೆ ನುಂಗಿದ ಉದಾಹರಣೆಗಳು ಸಿಲಿಕೋಸಿಸ್ ಪೀಡಿತ ಊರುಗಳಲ್ಲಿ ಧಾರಾಳ. ರೋಗವನ್ನು ಟಿ.ಬಿ. ಎಂದು ಕರೆದಷ್ಟು ಕಾಲ ಅದು ಸರ್ಕಾರಿ ಆಸ್ಪತ್ರೆಯ ಪಾಲು. ಸಿಲಿಕೋಸಿಸ್ ಎಂದರೆ ಮಾಲೀಕರು ಜವಾಬು ಕೊಡಬೇಕು. ಈ ವ್ಯತ್ಯಾಸ ಯಾರಿಗೆ ಅನುಕೂಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ರೋಗ ಪತ್ತೆಗೆ ಬೇಕಾದ ಸಲಕರಣೆ ದುಬಾರಿಯದೇನಲ್ಲ. ಒಂದು ಒಳ್ಳೆಯ ಎದೆಯ ಎಕ್ಸ್‌ರೇ, ಊದುವ ಯಂತ್ರದಲ್ಲಿ ಉಸಿರಿನ ಅಳತೆ, ಕಫ ಪರೀಕ್ಷೆ, ಮತ್ತು ಒಂದು ಪ್ರಶ್ನೆ: ಇಷ್ಟು ವರ್ಷ ಏನು ಕೆಲಸ ಮಾಡಿದಿರಿ? ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರೆ ಎರಡೂ ಬದಿಯ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ದುಂಡನೆಯ ಚುಕ್ಕೆಗಳು ಕಾಣುತ್ತವೆ. ಶ್ವಾಸಕೋಶದ ಬುಡದಲ್ಲಿರುವ ದುಗ್ಧಗ್ರಂಥಿಗಳ ಅಂಚಿಗೆ ಕೆಲವೊಮ್ಮೆ ಸುಣ್ಣ ಕಟ್ಟಿ ತೆಳ್ಳನೆಯ ಬಿಳಿ ಗೆರೆ ಮೂಡಿರುತ್ತದೆ. ಪಳಗಿದ ವೈದ್ಯರು ಇದನ್ನು ಕಂಡೊಡನೆ ಕಲ್ಲಿನ ಕೆಲಸವನ್ನು ಊಹಿಸುತ್ತಾರೆ. ಈ ಚುಕ್ಕೆಗಳ ಗಾತ್ರ ಮತ್ತು ದಟ್ಟಣೆಯನ್ನು ಓದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾದರಿ ಎಕ್ಸ್‌ರೇಗಳ ಕಟ್ಟನ್ನೇ ಸಿದ್ಧಪಡಿಸಿದೆ. ಪಕ್ಕದಲ್ಲಿಟ್ಟು ಹೋಲಿಸಿ ಹನ್ನೆರಡು ಮೆಟ್ಟಿಲಿನ ಅಳತೆಯಲ್ಲಿ ರೋಗದ ದರ್ಜೆ ಬರೆಯಬೇಕು. ಎಕ್ಸ್‌ರೇಯಲ್ಲಿ ಕಾಣುವ ಮೊದಲೇ ಸುಳಿವು ಹಿಡಿಯಲು ರಕ್ತದಲ್ಲಿ ಸಿಸಿ16 ಎಂಬ ಪ್ರೋಟೀನ್ ಅಳೆಯುವ ಪರೀಕ್ಷೆಯನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೂಪಿಸಿದೆ.

ಕೆಲಸ ಏನೆಂದು ಕೇಳಬೇಕೆಂಬ ಮಾತು ಇಂದಿನದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜಿನಿ 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರೋಗಿಯ ಕಸುಬನ್ನು ವಿಚಾರಿಸದೆ ಚಿಕಿತ್ಸೆಗೆ ಕೈಹಾಕಬಾರದೆಂದು ವೈದ್ಯರಿಗೆ ಹೇಳಿದ. ಕಲ್ಲುಕುಟಿಗರ ಹೆಣ ಕೊಯ್ದಾಗ ಶ್ವಾಸಕೋಶದಲ್ಲಿ ಮರಳಿನ ರಾಶಿ ಕತ್ತಿಗೆ ತಗುಲಿದ್ದನ್ನು ಡಚ್ ವೈದ್ಯನೊಬ್ಬ ಅದಕ್ಕೂ ಹಿಂದೆಯೇ ಬರೆದಿಟ್ಟಿದ್ದ. 1556ರಲ್ಲಿ ಅಚ್ಚಾದ ಜಾರ್ಜಿಯಸ್ ಅಗ್ರಿಕೋಲನ ಗಣಿಗ್ರಂಥದಲ್ಲಿ, ಕಾರ್ಪಾಥಿಯನ್ ಬೆಟ್ಟಗಳ ಗಣಿಗಳಲ್ಲಿ ಏಳು ಗಂಡಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಕಳೆದುಕೊಂಡ ಹೆಂಗಸರ ಪ್ರಸ್ತಾಪವಿದೆ.

ಉಳಿ ಸುತ್ತಿಗೆಗಳ ಕಾಲದಲ್ಲಿ ನಿಧಾನಕ್ಕೆ ಕೊಲ್ಲುತ್ತಿದ್ದ ದೂಳಿಗೆ ವೇಗ ಕೊಟ್ಟದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದ ಗಾಳಿಯೊತ್ತಡದ ಡ್ರಿಲ್. ಮೊದಲಿನ ಡ್ರಿಲ್‌ಗಳು ಒಣಗಲ್ಲನ್ನೇ ಕೊರೆಯುತ್ತಿದ್ದವು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಚಿನ್ನದ ಗಣಿಗೆ ಹೋದ ಡ್ರಿಲ್ಲಿನವರು ನಾಲ್ಕು ಕಾಸು ಕೂಡಿಟ್ಟು ಊರಿಗೆ ಮರಳಿ ಮೂವತ್ತರ ಪ್ರಾಯದಲ್ಲೇ ಸಾಯತೊಡಗಿದರು. ಶರೀರಶಾಸ್ತ್ರಜ್ಞ ಜೆ.ಎಸ್. ಹಾಲ್ಡೇನ್ ಮತ್ತು ಸಂಗಡಿಗರು 1904ರಲ್ಲಿ ಸಲ್ಲಿಸಿದ ವರದಿ ಇದಕ್ಕೆ ಕಲ್ಲಿನ ದೂಳೇ ಕಾರಣ, ನೀರು ಹಾಯಿಸಿ ಕೊರೆದರೆ ತಪ್ಪಿಸಬಹುದು ಎಂದು ಸ್ಪಷ್ಟವಾಗಿ ಹೇಳಿತು. ದಕ್ಷಿಣ ಆಫ್ರಿಕಾ 1910ರ ದಶಕದಲ್ಲೇ ಪರಿಹಾರದ ಕಾನೂನು ತಂದಿತು. ಅದರ ಪೂರ್ಣ ಫಲ ಬಿಳಿಯರಿಗೆ. ಕಪ್ಪು ಕೆಲಸಗಾರರು ಕೆಮ್ಮುತ್ತ ತಮ್ಮ ಹಳ್ಳಿಗಳಿಗೆ ಹೋದರು. ಅವರ ಪೀಳಿಗೆಗಳ ಪರವಾಗಿ ಹೂಡಿದ ದಾವೆಯಲ್ಲಿ ಗಣಿ ಕಂಪನಿಗಳು ಒಪ್ಪಿಕೊಂಡ ಸುಮಾರು 500 ಕೋಟಿ ರ್ಯಾಂಡ್ ಪರಿಹಾರಕ್ಕೆ ಜೊಹಾನೆಸ್‌ಬರ್ಗಿನ ನ್ಯಾಯಾಲಯ ಮುದ್ರೆ ಒತ್ತಿದ್ದು 2019ರಲ್ಲಿ.

ಕಾರ್ನ್‌ವಾಲಿನ ಗಣಿಗಾರರು ಕೋಲಾರಕ್ಕೂ ಬಂದಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಅಲ್ಲಿನ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು, ಗಣಿ ಆಳಕ್ಕೆ ಇಳಿಯುತ್ತ ಹೋಗಿ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ತಲುಪಿತು. ಅಲ್ಲಿ ಇಳಿದವರಲ್ಲಿ ತಮಿಳು, ತೆಲುಗು ಮಾತಿನ ಬಡವರೇ ಹೆಚ್ಚು. ಸುರಂಗದ ಒಳಗೆ ಸುಡುವ ಬಂಡೆ, ಹಠಾತ್ತನೆ ಸಿಡಿಯುವ ಗೋಡೆ, ಇವುಗಳ ಜೊತೆಗೆ ಬೆಣಚಿನ ದೂಳು. ಭಾರತದಲ್ಲಿ ಸಿಲಿಕೋಸಿಸ್ ಇದೆಯೆಂದು ಮೊತ್ತಮೊದಲು ವೈದ್ಯಕೀಯವಾಗಿ ವರದಿಯಾದದ್ದು ಇಲ್ಲಿಂದ, 1934ರಲ್ಲಿ. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಮೀರಿದ ಗಣಿ ಕೆಲಸಗಾರರನ್ನು ಸಾಲಾಗಿ ಪರೀಕ್ಷಿಸಿದಾಗ ಶೇ. 40ಕ್ಕಿಂತ ಹೆಚ್ಚು ಜನರಲ್ಲಿ ರೋಗ ಕಂಡಿತು. ಹತ್ತರಲ್ಲಿ ನಾಲ್ವರು. ಇದು ಕೆಲಸದಲ್ಲಿ ಇದ್ದವರ ಲೆಕ್ಕ. ಶಕ್ತಿ ಕುಂದಿ ಊರಿಗೆ ಮರಳಿದವರು ಇದರಲ್ಲಿ ಸೇರುವುದಿಲ್ಲ.

ಈ ಸಂಖ್ಯೆ ಭಯಂಕರವಾದರೂ ಅದು ಸಿಕ್ಕಿತು ಎನ್ನುವುದೇ ಗಮನಿಸಬೇಕಾದ ಸಂಗತಿ. ಕೆಜಿಎಫ್‌ನಲ್ಲಿ ಗಣಿಗೆ ಇಳಿಯುವ ಪ್ರತಿಯೊಬ್ಬರೂ ಕಂಪನಿಯ ದಾಖಲೆಯಲ್ಲಿದ್ದರು. ಗಣಿಯದೇ ಆಸ್ಪತ್ರೆ ಇತ್ತು. ಹಾಜರಿ ಪುಸ್ತಕದಲ್ಲಿ ಯಾರು ಎಷ್ಟು ವರ್ಷ ಯಾವ ಶಾಫ್ಟಿನಲ್ಲಿ ದುಡಿದರೆಂಬ ಲೆಕ್ಕವಿತ್ತು. ರೋಗವನ್ನು ಕೆಲಸಕ್ಕೆ ಗಂಟುಹಾಕಲು ಬೇಕಾದ ಕಾಗದಪತ್ರವೆಲ್ಲ ಒಂದೇ ಕಡೆ ಇದ್ದುದರಿಂದ ಮೈಸೂರು ಸಂಸ್ಥಾನ 1940ರ ಹೊತ್ತಿಗೇ ಸಿಲಿಕೋಸಿಸ್‌ಗೆ ಪರಿಹಾರದ ನಿಯಮಗಳನ್ನು ಮಾಡುವುದು ಸಾಧ್ಯವಾಯಿತು. ನೀರು ಹಾಯಿಸಿ ಕೊರೆಯುವುದು, ಗಾಳಿ ಆಡುವಂತೆ ಮಾಡುವುದು ಇವೆಲ್ಲ ಬಿಗಿಯಾದ ಮೇಲೆ ಹೊಸ ರೋಗಿಗಳು ಕಡಿಮೆಯಾದರು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಚಿನ್ನ ತೆಗೆದು ಬಿಟ್ಟ ಬೆಣಚಿನ ಪುಡಿ ಕೋಟಿಗಟ್ಟಲೆ ಟನ್‌ಗಳಷ್ಟು ಸೈನೈಡ್ ಗುಡ್ಡಗಳಾಗಿ ಊರ ನಡುವೆ ನಿಂತಿದೆ. ಬಿರುಗಾಳಿ ಎದ್ದ ದಿನ ಮನೆಗಳ ಪಾತ್ರೆಪಡಗದ ಮೇಲೆಲ್ಲ ಕೂರುತ್ತದೆ.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿರುವ ಹಾಕ್ಸ್ ನೆಸ್ಟ್ ಸುರಂಗ ಸಾಕ್ಷಿ. 1930ರಲ್ಲಿ ನದಿಯ ನೀರು ತಿರುಗಿಸಲು ಬೆಟ್ಟ ಕೊರೆದಾಗ ಸಿಕ್ಕಿದ್ದು ಶುದ್ಧ ಬೆಣಚಿಗೆ ಸಮನಾದ ಮರಳುಗಲ್ಲು. ಕೆಲಸ ಬೇಗ ಮುಗಿಯಲೆಂದು ಒಣಗಲ್ಲನ್ನೇ ಕೊರೆದರು. ಆರ್ಥಿಕ ಕುಸಿತದ ಕಾಲ. ಕೆಲಸ ಹುಡುಕಿ ಬಂದ ಕಪ್ಪು ವಲಸಿಗರೇ ಹೆಚ್ಚು. ಸರ್ಕಾರ ನಿಲ್ಲಿಸಿರುವ ಫಲಕದಲ್ಲಿ 476 ಸಾವುಗಳ ಉಲ್ಲೇಖವಿದೆ. ಮಾರ್ಟಿನ್ ಚೆರ್ನಿಯಾಕ್ ಎಂಬ ವೈದ್ಯರು ಹಳೆಯ ಕಾಗದಗಳನ್ನು ಹೊಂದಿಸಿ ಹಾಕಿದ ಅಂದಾಜು 764. ಸುರಂಗ ಯೂನಿಯನ್ ಕಾರ್ಬೈಡ್ ಕಂಪನಿಯ ಅಂಗಸಂಸ್ಥೆಯದು. ಅರ್ಧ ಶತಮಾನದ ನಂತರ ಭೋಪಾಲದಲ್ಲಿ ಕೇಳಿದ ಹೆಸರೂ ಅದೇ.

ಭಾರತದಲ್ಲಿ ಕೆಜಿಎಫ್ ನಂತರದ ಕಥೆ ಚದುರಿದ ಸಣ್ಣ ಕಸುಬುಗಳದು. ಮಧ್ಯಪ್ರದೇಶದ ಮಂದಸೌರ್ ದೇಶದ ಶಾಲೆಗಳಿಗೆ ಸ್ಲೇಟಿನ ಕಡ್ಡಿ ಒದಗಿಸುತ್ತಿತ್ತು. ಕಲ್ಲಿನ ಹಾಳೆಯನ್ನು ವಿದ್ಯುತ್ ಗರಗಸದಲ್ಲಿ ಕೊಯ್ದು ಕಡ್ಡಿ ಮಾಡುತ್ತಿದ್ದವರನ್ನು ಔದ್ಯೋಗಿಕ ಆರೋಗ್ಯ ಸಂಸ್ಥೆಯ ವೈದ್ಯರು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಗುಜರಾತಿನ ಖಂಭಾತದಲ್ಲಿ ಅಕೀಕಿನ ಮಣಿ ಉಜ್ಜುವುದು ಮನೆಮನೆಯ ಕೆಲಸವಾದ್ದರಿಂದ ದೂಳು ಮನೆಯ ಹೆಂಗಸರು ಮಕ್ಕಳಿಗೂ ಹಂಚಿಕೆಯಾಯಿತು. ಅದೇ ರಾಜ್ಯದ ಗೋಧ್ರಾ ಸುತ್ತಿನ ಬೆಣಚು ಅರೆಯುವ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರಗಳ ಆದಿವಾಸಿಗಳು ಬರಗಾಲದಲ್ಲಿ ಕೂಲಿಗೆ ಹೋದರು, ಕೆಲವು ತಿಂಗಳು ದುಡಿದು ಬಂದು ಹಳ್ಳಿಗಳಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮೂಲಕ ಸುಪ್ರೀಂ ಕೋರ್ಟಿಗೆ ಬಂದ ಈ ಪ್ರಕರಣದಲ್ಲಿ, ಸತ್ತ 238 ಜನರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ 2016ರ ಮೇ ತಿಂಗಳಲ್ಲಿ ಗುಜರಾತ್ ಸರ್ಕಾರಕ್ಕೆ ಆದೇಶವಾಯಿತು.

ಕರ್ನಾಟಕದಲ್ಲಿ ಇಂದು ದೂಳಿನ ಕೆಲಸ ಎಂದರೆ ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಗ್ರಾನೈಟ್ ಪಾಲಿಶ್ ಘಟಕ, ಬೆಳಗಾವಿ ಕಡೆಯ ಎರಕದ ಕಾರ್ಖಾನೆಗಳು, ಎಲ್ಲ ಊರುಗಳ ಕಟ್ಟಡದ ಕೆಲಸ. ಕ್ವಾರಿಯಲ್ಲಿ ಜಾಕ್‌ಹ್ಯಾಮರ್ ಹಿಡಿದವನನ್ನು ಹತ್ತಿರದಿಂದ ನೋಡಿದರೆ ರೋಗದ ದಾರಿ ಅರ್ಥವಾಗುತ್ತದೆ. ಕಂಪ್ರೆಸರಿನ ಗಾಳಿ ಪೊಳ್ಳು ಸಲಾಕೆಯ ಒಳಗಿಂದ ಕುಳಿಯ ತಳಕ್ಕೆ ಹೋಗಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ಕುಳಿಯ ಬಾಯಿಗೂ ಅವನ ಮುಖಕ್ಕೂ ನಡುವೆ ಇರುವುದು ಯಂತ್ರದ ಎತ್ತರವಷ್ಟೇ. ಹುಬ್ಬು, ರೆಪ್ಪೆ, ಬನಿಯನ್ ಎಲ್ಲ ಅರ್ಧ ಗಂಟೆಯಲ್ಲಿ ಬಿಳುಪಾಗುತ್ತವೆ. ಕ್ರಷರಿನಲ್ಲಿ ಟಿಪ್ಪರ್ ಬಂಡೆ ಸುರಿಯುವಾಗ ಒಮ್ಮೆ, ಜಾ ಕ್ರಷರ್ ಅಗಿಯುವಾಗ ಒಮ್ಮೆ, ಬೆಲ್ಟಿನಿಂದ ಜಾಲರಿಗೆ ಬೀಳುವಾಗ ಒಮ್ಮೆ, ಜಾಲರಿಯಿಂದ ರಾಶಿಗೆ ಬೀಳುವಾಗ ಮತ್ತೊಮ್ಮೆ ದೂಳು ಏಳುತ್ತದೆ. ನೀರು ಸಿಂಪಡಿಸುವ ನಳಿಕೆಗಳು ಇದ್ದರೂ ಎಷ್ಟೋ ಕಡೆ ನಿಲ್ಲಿಸಿಟ್ಟಿರುತ್ತಾರೆ: ಒದ್ದೆ ಪುಡಿ ಜಾಲರಿಯ ಕಣ್ಣು ಮುಚ್ಚಿ ಉತ್ಪಾದನೆ ಇಳಿಯುತ್ತದೆ. ಹೊಳೆಯ ಮರಳಿಗೆ ಕಡಿವಾಣ ಬಿದ್ದ ಮೇಲೆ ಎಂ-ಸ್ಯಾಂಡ್ ಬೇಡಿಕೆ ಹೆಚ್ಚಿ, ಜಲ್ಲಿಯಷ್ಟಕ್ಕೇ ನಿಲ್ಲುತ್ತಿದ್ದ ಕಲ್ಲನ್ನು ಮರಳಿನ ಗಾತ್ರಕ್ಕೆ ಒಡೆಯಲಾಗುತ್ತಿದೆ. ಕಣ ಸಣ್ಣದಾದಷ್ಟೂ ಎದೆಗಿಳಿಯುವ ಪಾಲು ಹೆಚ್ಚು. ಈ ಕೆಲಸಗಾರರಲ್ಲಿ ಹಲವರು ಹೊರರಾಜ್ಯದವರು, ಮೇಸ್ತ್ರಿಯ ಕೈಕೆಳಗಿನವರು. ಒಂದು ಕ್ರಷರಿನಲ್ಲಿ ಎರಡು ವರ್ಷ, ಇನ್ನೊಂದರಲ್ಲಿ ಆರು ತಿಂಗಳು. ರೋಗ ಕಾಣಿಸಿಕೊಳ್ಳುವ ಹೊತ್ತಿಗೆ ಅವರು ಒಡಿಶಾದಲ್ಲೋ ಬಿಹಾರದಲ್ಲೋ ಇರುತ್ತಾರೆ, ಅವರ ಹೆಸರು ಇಲ್ಲಿ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಹೊಸ ಅಪಾಯ ಅಡುಗೆಮನೆಯ ಕಟ್ಟೆಯಿಂದ ಬಂದಿದೆ. ಬೆಣಚಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿ ಮಾಡಿದ ಕೃತಕ ಕ್ವಾರ್ಟ್ಜ್ ಚಪ್ಪಡಿಯಲ್ಲಿ ಸಿಲಿಕಾ ಶೇ. 90 ಮುಟ್ಟುವುದುಂಟು. ಇದನ್ನು ಒಣಗಿದ್ದಂತೆಯೇ ಗ್ರೈಂಡರ್‌ನಲ್ಲಿ ಕತ್ತರಿಸುವ ಹುಡುಗರು ಇಸ್ರೇಲ್, ಸ್ಪೇನ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಮೂವತ್ತು ನಲವತ್ತರ ವಯಸ್ಸಿಗೇ ಶ್ವಾಸಕೋಶ ಕಸಿಗೆ ಸಾಲು ನಿಲ್ಲುವಂತಾಯಿತು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಚಪ್ಪಡಿಯನ್ನೇ ನಿಷೇಧಿಸಿತು. ಭಾರತ ಅದರ ದೊಡ್ಡ ತಯಾರಕ ದೇಶಗಳಲ್ಲಿ ಒಂದು.

ಚಿಕಿತ್ಸೆಯ ವಿಷಯ ಬೇಗ ಮುಗಿಯುತ್ತದೆ. ದೂಳಿನ ಕೆಲಸ ಬಿಡಿಸುವುದು, ಬೀಡಿ ಸಿಗರೇಟು ನಿಲ್ಲಿಸುವುದು, ಕ್ಷಯ ಇದ್ದರೆ ಪೂರ್ಣವಾಗಿ ವಾಸಿ ಮಾಡುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಬ್ಬಸಕ್ಕೆ ಇನ್‌ಹೇಲರ್, ಕೊನೆಯ ಹಂತದಲ್ಲಿ ಆಮ್ಲಜನಕ. ಶ್ವಾಸಕೋಶ ಕಸಿ ಬಡವರ ಕೈಗೆಟುಕುವ ಮಾತಲ್ಲ.

ತಡೆಯುವ ಕ್ರಮಗಳಲ್ಲಿ ಮೊದಲನೆಯದು ನೀರು. ಡ್ರಿಲ್ಲಿನ ಸಲಾಕೆಯೊಳಗಿಂದ ನೀರು ಹಾಯಿಸಿದರೆ ಪುಡಿ ಕೆಸರಾಗಿ ಕುಳಿಯಿಂದ ಹರಿದುಬರುತ್ತದೆ, ಗಾಳಿಗೆ ಏಳುವುದೇ ಇಲ್ಲ. ಗರಗಸ, ಗ್ರೈಂಡರ್‌ಗಳಿಗೂ ಇದೇ ಸಾಕು. ನೀರು ಒಗ್ಗದ ಕಡೆ ದೂಳು ಏಳುವ ಜಾಗವನ್ನೇ ಮುಚ್ಚಿ ಕೊಳವೆಯಲ್ಲಿ ಹೀರಿಕೊಳ್ಳಬೇಕು. ಒಣ ಪೊರಕೆ ಹಾಕುವುದು, ಮೈಮೇಲಿನ ದೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿಕೊಳ್ಳುವುದು ಎರಡೂ ತಪ್ಪು. ಎರಡನೆಯದು ಎಲ್ಲ ಕ್ವಾರಿಗಳಲ್ಲೂ ಕಾಣುವ ಅಭ್ಯಾಸ. ಮಾಸ್ಕಿನ ಸರದಿ ಇವೆಲ್ಲ ಆದ ಮೇಲೆ. ಟವೆಲ್ಲೋ ಬಟ್ಟೆ ಮಾಸ್ಕೋ ಹಾನಿಕರ ಗಾತ್ರದ ಕಣವನ್ನು ಹಿಡಿಯುವುದಿಲ್ಲ. ಎನ್95 ಹಿಡಿಯುತ್ತದೆ, ಆದರೆ ಮುಖಕ್ಕೆ ಸಂದಿಲ್ಲದೆ ಕೂರಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಲ್ಲು ಎತ್ತುತ್ತ ಎಂಟು ಗಂಟೆ ಅದನ್ನು ಹಾಕಿಕೊಂಡಿರಲು ಯಾರಿಂದಲೂ ಆಗದು. ಮಾಸ್ಕ್ ಹಂಚಿ ಸಹಿ ಹಾಕಿಸಿಕೊಂಡು ಸುರಕ್ಷತೆ ಮುಗಿಯಿತೆನ್ನುವ ಮಾಲೀಕರಿಗೆ ಅದು ಅಗ್ಗದ ದಾರಿ.

ಎಷ್ಟು ದೂಳು ಎಂದರೆ ಜಾಸ್ತಿ? ಅಮೆರಿಕ 2016ರಲ್ಲಿ ನಿಗದಿ ಮಾಡಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಸಿಲಿಕಾ. ಪಾಳಿಯೊಂದರಲ್ಲಿ ಮನುಷ್ಯ ಉಸಿರಾಡುವುದು ಸುಮಾರು ಹತ್ತು ಘನ ಮೀಟರ್ ಗಾಳಿ. ಅಂದರೆ ದಿನಕ್ಕೆ ಅರ್ಧ ಮಿಲಿಗ್ರಾಂ. ಭಾರತದ ಕಾರ್ಖಾನೆ ಕಾಯ್ದೆಯ ಸೂತ್ರ ದೂಳಿನಲ್ಲಿರುವ ಬೆಣಚಿನ ಶೇಕಡಾವಾರಿನ ಮೇಲೆ ಲೆಕ್ಕ ಹಾಕುತ್ತಿತ್ತು. ಗ್ರಾನೈಟ್ ದೂಳಿಗೆ ಅದನ್ನು ಹಚ್ಚಿದರೆ ಬರುತ್ತಿದ್ದ ಮಿತಿ ಅಮೆರಿಕದ್ದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು. ಅದನ್ನಾದರೂ ಅಳೆಯುವವರು ಎಷ್ಟು ಕ್ರಷರುಗಳಿಗೆ ಹೋಗುತ್ತಿದ್ದರು ಎನ್ನುವುದು ಬೇರೆ ಮಾತು.

ಕಾನೂನಿನ ಪುಸ್ತಕದಲ್ಲಿ ಸಿಲಿಕೋಸಿಸ್‌ಗೆ ಜಾಗವಿಲ್ಲದೆ ಇಲ್ಲ. 1948ರ ಕಾರ್ಖಾನೆ ಕಾಯ್ದೆಯೂ 1952ರ ಗಣಿ ಕಾಯ್ದೆಯೂ ಇದನ್ನು ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಹೇಳಿದವು. ಗಣಿ ನಿಯಮಗಳ ಪ್ರಕಾರ ಕೆಲಸಗಾರರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕಿತ್ತು. 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕೋಸಿಸ್ ಇತ್ತು; ಇಎಸ್ಐ ಎಂಬ ನೌಕರರ ವಿಮೆಯ ವ್ಯಾಪ್ತಿಯಲ್ಲಿರುವವರಿಗೆ ಅಲ್ಲಿಂದ ಸೌಲಭ್ಯ ಸಿಗಬೇಕು. ಇವೆಲ್ಲಕ್ಕೂ ಮೊದಲು ಬೇಕಾದದ್ದು ತಾನು ಇಂಥವರ ಬಳಿ ದುಡಿದೆ ಎಂಬ ಪುರಾವೆ. ಹಾಜರಿ ಪುಸ್ತಕವೇ ಇಲ್ಲದ ಕಡೆ ಆ ಪುರಾವೆ ಎಲ್ಲಿಂದ ಬರಬೇಕು?

ರಾಜಸ್ಥಾನ ಈ ಗಂಟನ್ನು ಬೇರೆ ರೀತಿ ಬಿಡಿಸಿದೆ. ಅಲ್ಲಿನ 2019ರ ನೀತಿಯಂತೆ ಕೆಲಸಗಾರರು ಮಾಲೀಕರ ಹೆಸರು ಹುಡುಕಿಕೊಂಡು ಹೋಗಬೇಕಿಲ್ಲ. ತಾವೇ ಆನ್‌ಲೈನ್‌ನಲ್ಲಿ ನೋಂದಾಯಿಸಿ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ, ವೈದ್ಯರ ಮಂಡಳಿ ಪ್ರಮಾಣಪತ್ರ ಕೊಟ್ಟರೆ 3 ಲಕ್ಷ ರೂಪಾಯಿ, ಮುಂದೆ ತೀರಿಕೊಂಡರೆ ಕುಟುಂಬಕ್ಕೆ ಇನ್ನೂ 2 ಲಕ್ಷ, ಜೊತೆಗೆ ಮಾಸಾಶನ. ಸುಳ್ಳು ಪ್ರಮಾಣಪತ್ರಗಳ ದೂರು ಅಲ್ಲಿಯೂ ಇದೆ, ಆದರೆ ರೋಗಿಗಳ ಹೆಸರು ಮೊದಲ ಬಾರಿಗೆ ಒಂದು ಪಟ್ಟಿಗೆ ಬಂದಿದೆ. ಈ ಯೋಜನೆಗೆ ಹಣದ ಒಂದು ಮೂಲ ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿ ಗುತ್ತಿಗೆದಾರರು ರಾಜಧನದ ಜೊತೆ ಕಟ್ಟುವ ಈ ನಿಧಿ 2015ರ ತಿದ್ದುಪಡಿಯ ನಂತರ ಕರ್ನಾಟಕದ ಜಿಲ್ಲೆಗಳಲ್ಲೂ ಇದೆ. ಅದಿರು ಹೆಚ್ಚಿರುವ ಬಳ್ಳಾರಿ ಕಡೆ ಅದರ ಮೊತ್ತ ದೊಡ್ಡದು. ಗಣಿಗಾರಿಕೆಯಿಂದ ಬಾಧೆಗೊಳಗಾದವರ ಆರೋಗ್ಯ ಅದರ ಆದ್ಯತೆಯ ಬಾಬತ್ತುಗಳಲ್ಲಿ ಒಂದು. ಕ್ವಾರಿ, ಕ್ರಷರ್ ಕೆಲಸಗಾರರಿಗೆ ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿ ಅದನ್ನು ಓದಬಲ್ಲ ವೈದ್ಯರ ಮುಂದಿಡುವ ಖರ್ಚನ್ನು ಆ ಬಾಬತ್ತಿನಲ್ಲಿ ಬರೆಯಬಹುದು.